ತೆರಿಗೆ ವಿನಾಯಿತಿ ಹೇಳುವ ಕಥೆ

ಸಿನಿಮಾದ ವಿಷಯ ಬಂದಾಗ ನಮ್ಮಲ್ಲಿ ಚರ್ಚೆಯು ಸಾಮಾನ್ಯವಾಗಿ ಎರಡು ದಿಕ್ಕಿಗೆ ಹರಿಯುತ್ತದೆ. ಮಕ್ಕಳನ್ನು ಅದರಿಂದ ದೂರವಿಡುವುದು ಹೇಗೆಂಬುದು ಒಂದು. ಮುಸ್ಲಿಮರನ್ನು ಹೀನಾಯವಾಗಿ ಚಿತ್ರಿಸಿದ ಚಲನಚಿತ್ರದ ವಿರುದ್ಧ ಜಿಲ್ಲಾಧಿಕಾರಿಗೆ ಮನವಿ ಸಲ್ಲಿಸುವುದು ಇನ್ನೊಂದು. ಎರಡನ್ನೂ ನಾವು ಅಲ್ಲಗಳೆಯುವುದಿಲ್ಲ. ಆದರೆ ಪರದೆಯ ಮೇಲೆ ಯಾರ ಬದುಕು ಕಾಣಿಸಬೇಕು, ಯಾರದು ಮರೆಯಾಗಬೇಕು ಎಂಬುದು ಸ್ಟುಡಿಯೋಗಳಲ್ಲಿ ಮಾತ್ರ ತೀರ್ಮಾನವಾಗುವುದಿಲ್ಲ. ಸರಕಾರದ ಹಣಕಾಸು ಇಲಾಖೆಯಲ್ಲಿಯೂ ತೀರ್ಮಾನವಾಗುತ್ತದೆ. 'ಜನರು ಬಯಸಿದ್ದನ್ನು ಕೊಡುತ್ತೇವೆ' ಎಂಬ ನಿರ್ಮಾಪಕರ ಮಾತು ಅರ್ಧಸತ್ಯ.

ಮೈಸೂರಿನವರಾದ ಎಂ.ಎಸ್. ಸತ್ಯು ಅವರ 'ಗರ್ಮ್ ಹವಾ'ವನ್ನು ನೆನಪಿಸಿಕೊಳ್ಳೋಣ. ದೇಶವಿಭಜನೆಯ ನಂತರ ಆಗ್ರಾದಲ್ಲಿಯೇ ಉಳಿದುಕೊಂಡ ಪಾದರಕ್ಷೆ ತಯಾರಕ ಮುಸ್ಲಿಮ್ ಕುಟುಂಬವೊಂದರ ಕಥೆಯದು. ಸಾಲ ಸಿಗದು, ಬಾಡಿಗೆಗೆ ಮನೆ ಸಿಗದು, ಮಗನಿಗೆ ಕೆಲಸ ಸಿಗದು. ಇಂತಹ ಕಥೆಗೆ ಖಾಸಗಿ ಬಂಡವಾಳಗಾರ ಹಣ ಹಾಕುವನೇ? ಹಣ ಒದಗಿಸಿದ್ದು ಸರಕಾರದ್ದೇ ಆದ ಫಿಲ್ಮ್ ಫೈನಾನ್ಸ್ ಕಾರ್ಪೊರೇಷನ್. ಕೋಮು ಗಲಭೆಯ ಭಯದಿಂದ ಸೆನ್ಸಾರ್ ಮಂಡಳಿ ಅದನ್ನು ತಿಂಗಳುಗಟ್ಟಲೆ ತಡೆಹಿಡಿದದ್ದೂ ನಿಜ. ಕೊನೆಗೆ ಅದು ಬಿಡುಗಡೆಗೊಂಡಿತು, ರಾಷ್ಟ್ರೀಯ ಭಾವೈಕ್ಯದ ಪ್ರಶಸ್ತಿಯನ್ನೂ ಪಡೆಯಿತು.

1991ರ ಆರ್ಥಿಕ ಉದಾರೀಕರಣದೊಂದಿಗೆ ಲೆಕ್ಕಾಚಾರವೇ ಬದಲಾಯಿತು. 1997ರಲ್ಲಿ ದಿಲ್ಲಿಯ ಸಾಕೇತ್‌ನಲ್ಲಿ ಪಿವಿಆರ್ ಮಲ್ಟಿಪ್ಲೆಕ್ಸ್ ತೆರೆಯಿತು. 1998ರಲ್ಲಿ ಕೇಂದ್ರ ಸರಕಾರ ಚಿತ್ರರಂಗಕ್ಕೆ ಉದ್ಯಮದ ಸ್ಥಾನಮಾನ ಘೋಷಿಸಿತು. ಬ್ಯಾಂಕ್ ಸಾಲದ ಬಾಗಿಲು ತೆರೆಯಿತು, ಕಾರ್ಪೊರೇಟ್ ಕಂಪೆನಿಗಳು ಬಂದವು. ಮಹಾರಾಷ್ಟ್ರವೂ ಸೇರಿದಂತೆ ಹಲವು ರಾಜ್ಯಗಳು ಮಲ್ಟಿಪ್ಲೆಕ್ಸ್‌ಗಳಿಗೆ ವರ್ಷಗಟ್ಟಲೆ ಮನರಂಜನಾ ತೆರಿಗೆಯ ವಿನಾಯಿತಿ ನೀಡಿದವು. ಊರಿನ ಹಳೆಯ ಟಾಕೀಸು ತೆರಿಗೆ ಕಟ್ಟುತ್ತಲೇ ಇತ್ತು. ಹವಾನಿಯಂತ್ರಿತ ಮಾಲ್‌ಗೆ ರಿಯಾಯಿತಿ! ಬಡವನ ಸಬ್ಸಿಡಿಯ ಮಾತೆತ್ತಿದರೆ ಬೊಕ್ಕಸದ ಕಥೆ ಹೇಳುವವರು ಆಗ ಮೌನವಾಗಿದ್ದರು.

ಇದರ ಪರಿಣಾಮ ಕಥೆಯ ಮೇಲಾಯಿತು. ಟಾಕೀಸಿನ ಲಾಭ ಬರುತ್ತಿದ್ದದ್ದು ಸಾವಿರ ಅಗ್ಗದ ಸೀಟುಗಳಿಂದ. ಕೂಲಿಯವನು, ಬೀಡಿ ಕಟ್ಟುವವಳು, ದರ್ಜಿ, ರಿಕ್ಷಾ ಚಾಲಕ ಬಂದರೆ ಮಾತ್ರ ಅದು ನಡೆಯುತ್ತಿತ್ತು. ಆದ್ದರಿಂದ ಅವರ ಬವಣೆಯೂ, ಕೋಪವೂ ಪರದೆಯ ಮೇಲೆ ಬರುತ್ತಿತ್ತು. ಮಲ್ಟಿಪ್ಲೆಕ್ಸ್‌ಗೆ ಕೆಲವೇ ನೂರು ದುಬಾರಿ ಸೀಟುಗಳು ತುಂಬಿದರೆ ಸಾಕು. ಜೊತೆಗೆ ವಿದೇಶದ ಭಾರತೀಯರ ಡಾಲರು, ಪೌಂಡುಗಳು. 1995ರ 'ದಿಲ್‌ವಾಲೆ ದುಲ್ಹನಿಯಾ ಲೇ ಜಾಯೇಂಗೆ'ಯ ಬಳಿಕ ಲಂಡನ್ನಿನ ಕುಟುಂಬವೇ ಭಾರತೀಯ ಕುಟುಂಬವಾಯಿತು. ಕಾರ್ಮಿಕ ಮಾಯವಾದ. ಅವನೊಂದಿಗೆ, ನೆರೆಮನೆಯವನಾಗಿ ಸಹಜವಾಗಿ ಬಂದುಹೋಗುತ್ತಿದ್ದ ಮುಸ್ಲಿಮನೂ ಬಹುಮಟ್ಟಿಗೆ ಮಾಯವಾದ. 2025ರ ಸೆಪ್ಟೆಂಬರ್‌ನಲ್ಲಿ ನಮ್ಮ ರಾಜ್ಯ ಸರಕಾರ ಟಿಕೆಟಿಗೆ 200 ರೂ. ಮಿತಿ ವಿಧಿಸಿತು. ಕೆಲವೇ ದಿನಗಳಲ್ಲಿ ಹೈಕೋರ್ಟಿನಿಂದ ಅದಕ್ಕೆ ಮಧ್ಯಂತರ ತಡೆ ಬಂತು.

ಮಾರುಕಟ್ಟೆ ಇಷ್ಟು ಮಾಡಿತು. ಮುಂದಿನದನ್ನು ಅಧಿಕಾರ ಮಾಡಿತು. 2017ರಲ್ಲಿ ಜಿ.ಎಸ್.ಟಿ. ಬಂದ ಮೇಲೆ ರಾಜ್ಯಗಳಿಗೆ ತಮ್ಮ ಪಾಲಿನ ತೆರಿಗೆಯನ್ನು ಬಿಟ್ಟುಕೊಡುವ ಅವಕಾಶ ಉಳಿಯಿತು. 2022ರ ಮಾರ್ಚ್‌ನಲ್ಲಿ 'ದಿ ಕಾಶ್ಮೀರ್ ಫೈಲ್ಸ್'ಗೆ ಕರ್ನಾಟಕವೂ ಸೇರಿದಂತೆ ಹಲವು ರಾಜ್ಯಗಳು ವಿನಾಯಿತಿ ಘೋಷಿಸಿದವು. ಅಸ್ಸಾಮ್ ಸರಕಾರ ಅದನ್ನು ನೋಡಲೆಂದೇ ನೌಕರರಿಗೆ ಅರ್ಧ ದಿನದ ರಜೆ ಕೊಟ್ಟಿತು. ಕಾಶ್ಮೀರಿ ಪಂಡಿತರ ನೋವು ನಿಜ, ಅದನ್ನು ಹೇಳುವ ಹಕ್ಕು ಅವರಿಗಿದೆ. ಆ ನೋವನ್ನು ಇಡೀ ಸಮುದಾಯವೊಂದರ ಮೇಲೆ ಹಗೆ ಹುಟ್ಟಿಸಲು ಬಳಸುವುದು ಬೇರೆ ಮಾತು. 2023ರಲ್ಲಿ ಮಧ್ಯಪ್ರದೇಶ ಮತ್ತು ಉತ್ತರ ಪ್ರದೇಶಗಳು 'ದಿ ಕೇರಳ ಸ್ಟೋರಿ'ಯನ್ನು ತೆರಿಗೆಮುಕ್ತಗೊಳಿಸಿದವು. ಅದರ ಪ್ರಚಾರದಲ್ಲಿದ್ದ 32,000 ಮಹಿಳೆಯರ ಸಂಖ್ಯೆಗೆ ಅಧಿಕೃತ ದಾಖಲೆಯಿಲ್ಲವೆಂಬ ಸೂಚನೆಯನ್ನು ಸೇರಿಸಲು ನಿರ್ಮಾಪಕರು ಸುಪ್ರೀಮ್ ಕೋರ್ಟಿನಲ್ಲಿ ಒಪ್ಪಿಕೊಳ್ಳಬೇಕಾಯಿತು. ಅದೇ ಚಿತ್ರಕ್ಕೆ 2025ರಲ್ಲಿ ಅತ್ಯುತ್ತಮ ನಿರ್ದೇಶನದ ರಾಷ್ಟ್ರೀಯ ಪ್ರಶಸ್ತಿ! ಪಶ್ಚಿಮ ಬಂಗಾಳ ಅದನ್ನು ನಿಷೇಧಿಸಿದ್ದನ್ನು ನಾವು ಸಮರ್ಥಿಸುವುದಿಲ್ಲ. ಕೋರ್ಟು ಅದನ್ನು ತಡೆದದ್ದು ಸರಿಯೇ. ನಿಷೇಧದಿಂದ ಚಿತ್ರಕ್ಕೆ ಪುಕ್ಕಟೆ ಪ್ರಚಾರ ಸಿಗುತ್ತದೆಯೇ ಹೊರತು ಸುಳ್ಳು ಸಾಯುವುದಿಲ್ಲ.

ತೆರಿಗೆ ಬಿಡುವುದೆಂದರೆ ನಮ್ಮೆಲ್ಲರ ಹಣವನ್ನು ಬಿಡುವುದು. ಪಟ್ಟಣದ ಮುಸ್ಲಿಮ್ ವ್ಯಾಪಾರಿ ಕಟ್ಟಿದ ತೆರಿಗೆಯೂ ಅದೇ ಬೊಕ್ಕಸಕ್ಕೆ ಹೋಗುತ್ತದೆ. ಹಾಗಿರುವಾಗ ಯಾವ ಚಿತ್ರಕ್ಕೆ, ಯಾವ ಮಾನದಂಡದಲ್ಲಿ, ಯಾರ ಶಿಫಾರಸಿನ ಮೇಲೆ ವಿನಾಯಿತಿ ದೊರೆಯಿತು, ಬೊಕ್ಕಸಕ್ಕೆ ಎಷ್ಟು ನಷ್ಟವಾಯಿತು ಎಂದು ಕೇಳಲು ನಾವೇಕೆ ಹಿಂಜರಿಯಬೇಕು? ಮಾಹಿತಿ ಹಕ್ಕು ಕಾಯ್ದೆಯಡಿ ಹತ್ತು ರೂಪಾಯಿಯ ಅರ್ಜಿ ಸಾಕು. ನಮ್ಮ ಶಾಸಕರು ವಕ್ಫ್ ಮತ್ತು ಮೀಸಲಾತಿಯ ಜೊತೆಗೆ ಈ ಪ್ರಶ್ನೆಯನ್ನೂ ಸದನದಲ್ಲಿ ಎತ್ತಲಿ. ಮುಂದಿನ ಬಾರಿ ಅಂತಹ ಚಿತ್ರವೊಂದು ಬಂದಾಗ ಥಿಯೇಟರಿನ ಮುಂದೆ ಜಮಾಯಿಸುವ ಬದಲು ನಮ್ಮ ಯುವಕರು ಆ ಅರ್ಜಿಯನ್ನು ಬರೆಯಲಿ.