ಹೆದ್ದಾರಿ ಬದಿಯ ಅಂಗಡಿ ಕೋಣೆಗೆ ನಿವೃತ್ತಿಯ ದುಡ್ಡು ಯಾಕೆ?

ತಲಪಾಡಿಯಿಂದ ಚೆಂಗಳದವರೆಗೆ ಆರು ಪಥದ ರಸ್ತೆ ಬಂದದ್ದೇ ತಡ, ನಮ್ಮ ಸ್ಟಾಫ್‌ರೂಮುಗಳಲ್ಲಿ ಹೊಸ ಮಾತೊಂದು ಶುರುವಾಗಿದೆ. "ಹೆದ್ದಾರಿ ಬದಿಯಲ್ಲಿ ಅಂಗಡಿ ಕೋಣೆ. ಬಾಡಿಗೆದಾರ ಈಗಾಗಲೇ ಇದ್ದಾನೆ. ಕ್ರಯಚೀಟಿ ಆದ ಮರುತಿಂಗಳಿಂದಲೇ ಬಾಡಿಗೆ. ಮಾಷ್ಟ್ರೇ, ಇನ್ನೇನು ಬೇಕು?" ಹೀಗೆ ಕೇಳುವವರು ನಮ್ಮ ಪರಿಚಯದವರೇ. ಕೆಲವೊಮ್ಮೆ ನಾವೇ ಕಲಿಸಿದ ಮಕ್ಕಳು! ಅವರು ಹುಡುಕಿಕೊಂಡು ಬರುವುದು ಈ ವರ್ಷ ನಿವೃತ್ತರಾಗುವ ಟೀಚರುಗಳನ್ನು. ಈಗೀಗ ಕೆಲವು ಶಾಲೆಗಳ ಶತಮಾನೋತ್ಸವ ನಿಧಿಯ ಮೇಲೂ ಕಣ್ಣು ಬಿದ್ದಿದೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಜೀವಮಾನದಲ್ಲಿ ಒಂದೇ ಸಲ ಕೈಗೆ ಬರುವ ಗ್ರಾಚ್ಯುಟಿ, ಪಿ.ಎಫ್., ಕಮ್ಯುಟೇಶನ್ ಹಣವನ್ನು ಒಂದು ಅಂಗಡಿ ಕೋಣೆಗೆ ಸುರಿಯುವುದು ತಪ್ಪು. ಊರವರು ಕೊಟ್ಟ ಶಾಲೆಯ ಹಣವನ್ನು ಸುರಿಯುವುದು ಅದಕ್ಕಿಂತ ದೊಡ್ಡ ತಪ್ಪು. ನಾಲ್ಕು ಕಡೆ ಆಸ್ತಿ ಇದ್ದು ಐದನೆಯದಾಗಿ ಒಂದು ಕೋಣೆ ತೆಗೆದುಕೊಳ್ಳುವವರ ಬಗ್ಗೆ ನನ್ನ ತಕರಾರಿಲ್ಲ, ಅವರು ನಷ್ಟವನ್ನೂ ತಡೆದುಕೊಳ್ಳುತ್ತಾರೆ. ನಾವು ತಡೆದುಕೊಳ್ಳುತ್ತೇವೆಯೇ? ಅದು ಪ್ರಶ್ನೆ.

ಹೆದ್ದಾರಿಯಿಂದಲೇ ಶುರುಮಾಡೋಣ. ನಮ್ಮ ತಲೆಯಲ್ಲಿ ಇನ್ನೂ ಇರುವುದು ಹಳೆಯ ಎನ್.ಎಚ್. 17. ಬಸ್ಸು ನಿಂತಲ್ಲಿ ಹೋಟೆಲು, ಲಾರಿ ನಿಂತಲ್ಲಿ ಗ್ಯಾರೇಜು, ನಡುವೆ ಎಳನೀರಿನವ. ಬೇಕಾದಲ್ಲಿ ಗಾಡಿ ನಿಲ್ಲಿಸಬಹುದಿತ್ತು, ಬೇಕಾದಲ್ಲಿ ರಸ್ತೆ ದಾಟಬಹುದಿತ್ತು. ಆ ರಸ್ತೆ ಈಗ ಇಲ್ಲ. 2010ರಲ್ಲಿ ಅದರ ಸಂಖ್ಯೆ 66 ಆಯಿತು. ಆಮೇಲೆ ರೂಪವೂ ಬದಲಾಯಿತು. ಕೇರಳದಲ್ಲಿ 45 ಮೀಟರ್ ಅಗಲದ ಜಾಗ ತೆಗೆದುಕೊಂಡು ನಡುವೆ ಆರು ಪಥ, ಬದಿಗಳಲ್ಲಿ ಸರ್ವಿಸ್ ರಸ್ತೆ ಮಾಡಿದ್ದಾರೆ. ನಡುವಿನ ಪಥದಲ್ಲಿ ಹೋಗುವ ಗಾಡಿ ನಿಮ್ಮ ಅಂಗಡಿಯ ಬೋರ್ಡನ್ನು ನೋಡಬಹುದು, ಆದರೆ ಅಲ್ಲೇ ತಿರುಗುವಂತಿಲ್ಲ. ಮುಂದೆ ಎಲ್ಲೋ ಇಳಿಯುವ ಜಾಗ ಹುಡುಕಿ, ಅಂಡರ್‌ಪಾಸಿನಲ್ಲಿ ನುಸುಳಿ, ಸರ್ವಿಸ್ ರಸ್ತೆಯಲ್ಲಿ ವಾಪಸು ಬರಬೇಕು. ಒಂದು ಚಹಾಕ್ಕೆ ಯಾರು ಅಷ್ಟು ಸುತ್ತುತ್ತಾರೆ? ಕಾಸರಗೋಡು ಪೇಟೆಯಲ್ಲಂತೂ ಒಂದು ಕಿಲೋಮೀಟರಿಗೂ ಮಿಕ್ಕಿದ ಮೇಲ್ಸೇತುವೆ ಇದೆ. ಮಂಗಳೂರಿನಿಂದ ಕಣ್ಣೂರಿಗೆ ಹೋಗುವವನು ಪೇಟೆಗೆ ಇಳಿಯದೆ ತಲೆಯ ಮೇಲಿಂದಲೇ ದಾಟಿಬಿಡುತ್ತಾನೆ.

ಹಾಗಾಗಿ "ದಿನಕ್ಕೆ ಎಷ್ಟು ಸಾವಿರ ಗಾಡಿ ಹೋಗುತ್ತದೆ ನೋಡಿ" ಎಂಬ ಮಾತಿಗೆ ಬೆಲೆಯಿಲ್ಲ. ಎಷ್ಟು ಗಾಡಿ ನಿಲ್ಲುತ್ತದೆ? ಹತ್ತಿರದ ಇಳಿಯುವ ದಾರಿ ಎಷ್ಟು ದೂರ? ಎದುರು ಬದಿಯವರು ಹೇಗೆ ಬರುತ್ತಾರೆ? ಪಾರ್ಕಿಂಗ್ ಎಲ್ಲಿ? ಇನ್ನೊಂದು ವಿಷಯ. ರಾಷ್ಟ್ರೀಯ ಹೆದ್ದಾರಿಗೆ ವಾಹನದ ಪ್ರವೇಶ ದಾರಿ ಬೇಕಾದರೆ 2002ರ ಹೆದ್ದಾರಿ ನಿಯಂತ್ರಣ ಕಾಯ್ದೆಯ ಪ್ರಕಾರ ಅನುಮತಿ ಬೇಕು. ಆ ಅನುಮತಿ ಪತ್ರ ತೋರಿಸಿ ಎಂದು ಕೇಳಿ ನೋಡಿ. ಎಷ್ಟು ಜನ ತೋರಿಸುತ್ತಾರೋ!

ನಮ್ಮ ಹೆದ್ದಾರಿಗೆ ಮತ್ತೊಂದು ವಿಶೇಷ ಇದೆ, ಅದು ಗಡಿಯ ರಸ್ತೆ. 2020ರ ಮಾರ್ಚ್‌ನಲ್ಲಿ ಕೊರೋನಾ ಬಂದಾಗ ಕರ್ನಾಟಕ ತಲಪಾಡಿಯಲ್ಲಿ ಗಡಿ ಮುಚ್ಚಿತು. ಮಂಗಳೂರಿನ ಆಸ್ಪತ್ರೆಗೆ ಹೋಗುವ ರೋಗಿಗಳೂ ಅಲ್ಲೇ ಸಿಕ್ಕಿಹಾಕಿಕೊಂಡರು, ವಿಷಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಮಂಜೇಶ್ವರ, ಉಪ್ಪಳ, ಕುಂಬಳೆಯ ವ್ಯಾಪಾರಕ್ಕೆ ಮಂಗಳೂರಿನ ಬಾಗಿಲು ಹಾಗೆ ಏಕಾಏಕಿ ಮುಚ್ಚಿದರೆ ಬಾಡಿಗೆ ಎಲ್ಲಿಂದ ಬರಬೇಕು? ಅಂಗಡಿಯವನದ್ದೂ ತಪ್ಪಲ್ಲ. ಅವನಿಗೆ ವ್ಯಾಪಾರ ಇದ್ದರೆ ತಾನೇ ನಿಮಗೆ ಬಾಡಿಗೆ?

ಇನ್ನು ಲೀಸಿನ ಮಾತು. "ಒಂಬತ್ತು ವರ್ಷದ ಎಗ್ರಿಮೆಂಟ್ ಇದೆ" ಎನ್ನುತ್ತಾರೆ. ಒಳ್ಳೆಯದು. ಆದರೆ ಆ ಒಂಬತ್ತು ವರ್ಷ ಯಾರನ್ನು ಕಟ್ಟಿಹಾಕುತ್ತದೆ? ಇಂತಹ ಒಪ್ಪಂದಗಳಲ್ಲಿ ಸಾಮಾನ್ಯವಾಗಿ ಬಾಡಿಗೆದಾರ ಬಿಟ್ಟುಹೋಗುವಂತಿಲ್ಲ ಎಂಬ ಷರತ್ತು ಮೊದಲ ಎರಡು ಮೂರು ವರ್ಷಕ್ಕೆ ಮಾತ್ರ. ಆಮೇಲೆ ಮೂರು ತಿಂಗಳ ನೋಟೀಸು ಕೊಟ್ಟು ಅವನು ಹೊರಡಬಹುದು, ಆದರೆ ನೀವು ಅವನನ್ನು ಏಳಿಸುವಂತಿಲ್ಲ. ಎಷ್ಟು ವರ್ಷ ಈಗಾಗಲೇ ಕಳೆದಿದೆ ಎಂಬುದನ್ನು ಯಾರೂ ಹೇಳುವುದಿಲ್ಲ. ಒಂದು ವರ್ಷಕ್ಕಿಂತ ಹೆಚ್ಚಿನ ಲೀಸ್ ಆದರೆ ಅದು ರಿಜಿಸ್ಟರ್ ಆಗಿರಬೇಕು. ಬರೀ ಛಾಪಾ ಕಾಗದದ ಮೇಲೆ ಒಂಬತ್ತು ವರ್ಷ ಅಂತ ಬರೆದರೆ ಸಾಲದು.

ಅದಲ್ಲದೆ, ಬಾಡಿಗೆದಾರ ಹಿಂದಿನ ಮಾಲಿಕನಿಗೆ ಕೊಟ್ಟ ಮುಂಗಡವನ್ನು ಹಿಂದೆ ಕೊಡುವ ಜವಾಬ್ದಾರಿ ಯಾರದ್ದು? ಕ್ರಯದ ಹೊತ್ತಿನಲ್ಲಿ ಅದನ್ನು ಬೆಲೆಯಲ್ಲಿ ಮುರಿದುಕೊಳ್ಳದಿದ್ದರೆ ನಾಳೆ ಅವನು ಕೈ ಚಾಚುವುದು ನಿಮ್ಮ ಮುಂದೆ. ಬಾಡಿಗೆ ಬಾಕಿ ಇಟ್ಟರೆ? 1965ರ ಕೇರಳ ಕಟ್ಟಡ ಬಾಡಿಗೆ ನಿಯಂತ್ರಣ ಕಾಯ್ದೆ ಅನ್ವಯವಾಗುವ ಕಡೆಗಳಲ್ಲಿ ಬಾಡಿಗೆ ನಿಯಂತ್ರಣ ಕೋರ್ಟಿಗೆ ಹೋಗಿಯೇ ಖಾಲಿ ಮಾಡಿಸಬೇಕು, ಅದೂ ಕಾಯ್ದೆ ಹೇಳಿದ ಕಾರಣಗಳಿದ್ದರೆ ಮಾತ್ರ. ನಿಮ್ಮ ಮಗನಿಗೇ ಅಂಗಡಿ ಬೇಕೆಂದರೂ, ಬಾಡಿಗೆದಾರನ ಹೊಟ್ಟೆಪಾಡು ಮುಖ್ಯವಾಗಿ ಅದೇ ವ್ಯಾಪಾರದಿಂದ ನಡೆಯುತ್ತಿದ್ದು, ಆಸುಪಾಸಿನಲ್ಲಿ ಬೇರೆ ಕೋಣೆ ಸಿಗದಿದ್ದರೆ ಕಾನೂನು ಅವನ ಪಕ್ಷ. ಅದು ನ್ಯಾಯವೇ. ಆದರೆ ಅರವತ್ತು ದಾಟಿದ ಮೇಲೆ ಕೋರ್ಟಿನ ಮೆಟ್ಟಿಲು ಹತ್ತುವ ತಾಕತ್ತು ನಮಗಿದೆಯೇ?

ಗೇಣಿಯ ಪಾಠವನ್ನು ಬೇರೆಯವರಿಂದ ಕಲಿಯಬೇಕಾದ ಊರೂ ನಮ್ಮದಲ್ಲ. 1956ರ ನವೆಂಬರ್ 1ರವರೆಗೆ ನಾವು ದಕ್ಷಿಣ ಕನ್ನಡ ಜಿಲ್ಲೆಯವರು. ಮೂಲಗೇಣಿ, ಚಾಲಗೇಣಿ ಎಂಬ ಮಾತು ಹಳಬರ ಮನೆಗಳಲ್ಲಿ ಈಗಲೂ ಕೇಳುತ್ತದೆ. ಮೂಲಗೇಣಿ ಎಂದರೆ ಶಾಶ್ವತ ಗೇಣಿ, ಏರಿಸುವಂತಿಲ್ಲ. ಬರೆದುಕೊಟ್ಟ ದಿನ ದೊಡ್ಡದಾಗಿ ಕಂಡ ಹಣ ಮೊಮ್ಮಕ್ಕಳ ಕಾಲಕ್ಕೆ ವೀಳ್ಯದೆಲೆಯ ಖರ್ಚಿಗೂ ಸಾಲದೆ ಹೋಯಿತು. ಈಗಿನ ಲೀಸಿನಲ್ಲಿ ಮೂರು ವರ್ಷಕ್ಕೊಮ್ಮೆ ಶೇಕಡಾ 15 ಏರಿಕೆ ಎಂದು ಬರೆಯುತ್ತಾರೆ. ಕೇಳಲು ಚೆಂದ. ಲೆಕ್ಕ ಹಾಕಿದರೆ ವರ್ಷಕ್ಕೆ ಶೇಕಡಾ 5ಕ್ಕೂ ಕಡಿಮೆ. ಅಕ್ಕಿ, ಔಷಧಿಯ ಬೆಲೆ ಅದಕ್ಕಿಂತ ನಿಧಾನವಾಗಿ ಏರುತ್ತದೆ ಎಂದು ಯಾರಾದರೂ ಬರೆದುಕೊಡುತ್ತಾರೆಯೇ?

ಲೆಕ್ಕದ ಮಾಷ್ಟ್ರಿಗೆ ಲೆಕ್ಕ ಹೇಳಬೇಕಾಗಿಲ್ಲ, ಆದರೂ ಒಂದು ಉದಾಹರಣೆ ಹಾಕುತ್ತೇನೆ. ಕೋಣೆಯ ಬೆಲೆ 40 ಲಕ್ಷ, ಬಾಡಿಗೆ ತಿಂಗಳಿಗೆ 20 ಸಾವಿರ ಎಂದಿಟ್ಟುಕೊಳ್ಳಿ. ವರ್ಷಕ್ಕೆ 2.4 ಲಕ್ಷ, "ಶೇಕಡಾ 6 ಸಿಗುತ್ತದೆ" ಎನ್ನುತ್ತಾನೆ ಬ್ರೋಕರ್. ಕೇರಳದಲ್ಲಿ ಕ್ರಯಕ್ಕೆ ಶೇಕಡಾ 8 ಮುದ್ರಾಂಕ ಶುಲ್ಕ, ಶೇಕಡಾ 2 ನೋಂದಣಿ ಶುಲ್ಕ. ಪೂರ್ತಿ ಬೆಲೆಗೇ ಕ್ರಯ ಬರೆಸಿದರೆ 4 ಲಕ್ಷ ಅಲ್ಲಿಗೇ ಹೋಯಿತು, ನಿಮ್ಮ ಹೂಡಿಕೆ 44 ಲಕ್ಷ. ವರ್ಷದಲ್ಲಿ ಎರಡು ತಿಂಗಳು ಕೋಣೆ ಖಾಲಿ ಬಿದ್ದರೆ ಬಾಡಿಗೆ 2 ಲಕ್ಷ. ಕಟ್ಟಡ ತೆರಿಗೆ, ನಮ್ಮ ಮಳೆಗಾಲದ ಸೋರಿಕೆ, ಷಟರು, ಬಣ್ಣ ಎಂದು 20 ಸಾವಿರ ತೆಗೆಯಿರಿ. ಉಳಿದದ್ದು 1.8 ಲಕ್ಷ, ಅಂದರೆ ಶೇಕಡಾ 4ರ ಹತ್ತಿರ. ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಗೆ 2025ರಲ್ಲಿ ಬಡ್ಡಿ ಶೇಕಡಾ 8.2 ಇತ್ತು. 30 ಲಕ್ಷ ಇಟ್ಟವರಿಗೆ ಮೂರು ತಿಂಗಳಿಗೊಮ್ಮೆ 61,500 ರೂಪಾಯಿ. ಷಟರು ರಿಪೇರಿ ಇಲ್ಲ, ಬಾಡಿಗೆದಾರನಿಗೆ ಫೋನು ಮಾಡುವ ಕೆಲಸವೂ ಇಲ್ಲ. 56ಕ್ಕೆ ನಿವೃತ್ತರಾಗುವ ನಮ್ಮವರಿಗೆ ಅರವತ್ತು ಆಗುವವರೆಗೆ ಕಾಯಬೇಕಾಗಿಲ್ಲ. 55 ದಾಟಿ ನಿವೃತ್ತರಾದವರು ನಿವೃತ್ತಿಯ ಹಣ ಕೈಸೇರಿದ ಮೂರು ತಿಂಗಳೊಳಗೆ ಆ ಹಣವನ್ನು ಅಲ್ಲಿ ಇಡಬಹುದು. ಈ ಮೂರು ತಿಂಗಳಲ್ಲೇ ಬ್ರೋಕರ್ ಬಾಗಿಲು ತಟ್ಟುವುದು, ಗಮನಿಸಿ!

"ಬಡ್ಡಿ ಏರುವುದಿಲ್ಲ, ಜಾಗದ ಬೆಲೆ ಏರುತ್ತದೆ" ಎಂದು ನೀವು ಹೇಳಬಹುದು. ಅದರಲ್ಲಿ ಸತ್ಯ ಇದೆ. ಬಾಡಿಗೆಯ ಆದಾಯಕ್ಕೆ ತೆರಿಗೆಯಲ್ಲಿ ಶೇಕಡಾ 30 ಕಡಿತ ಇದೆ, ಬಡ್ಡಿಗೆ ಅದು ಇಲ್ಲ. ಅದೂ ಸತ್ಯ. ಆದರೆ ನೀವು ಕೊಂಡದ್ದು ಜಾಗವನ್ನೇ? ಮೂರು ಮಾಳಿಗೆಯ ಕಾಂಪ್ಲೆಕ್ಸಿನಲ್ಲಿ ಒಂದು ಕೋಣೆ, ಅದರ ಜೊತೆ ನೆಲದಲ್ಲಿ ಬಿಡಿಸಿ ತೆಗೆಯಲಾಗದ ಒಂದು ಚೂರು ಪಾಲು. ತೆಂಗಿನ ತೋಟದಲ್ಲಿ ಹತ್ತು ಸೆಂಟ್ಸ್ ಮಾರಿದ ಹಾಗೆ ಅದನ್ನು ತುಂಡು ಮಾಡಿ ಮಾರಲಿಕ್ಕಾಗುವುದಿಲ್ಲ. ಮನೆಯಲ್ಲಿ ಯಾರಿಗಾದರೂ ತುರ್ತು ಆಪರೇಷನ್ ಆಗಬೇಕೆಂದಾಗ ಕೋಣೆಗೆ ಗಿರಾಕಿ ಬರುವವರೆಗೆ ಆಸ್ಪತ್ರೆಯವರು ಕಾಯುತ್ತಾರೆಯೇ?

ಇದಕ್ಕಿಂತ ಅಪಾಯಕಾರಿ ಇನ್ನೊಂದು ಜಾತಿ ಇದೆ. ಕಟ್ಟಡ ಇನ್ನೂ ಆಗಿಲ್ಲ, ಆದರೆ "ಗ್ಯಾರಂಟಿ ಬಾಡಿಗೆ" ಈಗಲೇ ಶುರು. ನಿಮ್ಮ ದುಡ್ಡಿನಿಂದಲೇ ನಿಮಗೆ ಬಾಡಿಗೆ ಕೊಡುವುದು ಯಾವ ದೊಡ್ಡ ವಿದ್ಯೆ? 500 ಚದರ ಮೀಟರಿಗಿಂತ ಹೆಚ್ಚಿನ ಜಾಗದಲ್ಲಿ ಎಂಟಕ್ಕಿಂತ ಹೆಚ್ಚು ಕೋಣೆ ಕಟ್ಟಿ ಮಾರುವವರು 2016ರ ಕಾಯ್ದೆಯ ಪ್ರಕಾರ ರೇರಾದಲ್ಲಿ ನೋಂದಾಯಿಸಿಕೊಳ್ಳಬೇಕು. ಆ ಕಾಯ್ದೆಗೆ ಅಂಗಡಿ ಕೋಣೆಯೂ ಸೇರುತ್ತದೆ. ನಂಬರು ಕೇಳಿ, ರೇರಾದ ಸೈಟಿನಲ್ಲಿ ನೋಡಿ. 2020ರಲ್ಲಿ ನಮ್ಮ ಜಿಲ್ಲೆಯಲ್ಲೇ ಚಿನ್ನದ ಅಂಗಡಿಯ ಹೂಡಿಕೆದಾರರು ಪೊಲೀಸು ಠಾಣೆಯ ಮುಂದೆ ಸಾಲುಗಟ್ಟಿದ್ದನ್ನು ಮರೆತಿರಾ? ಅಲ್ಲಿಯೂ ತಿಂಗಳು ತಿಂಗಳು ಲಾಭ ಕೊಡುವ ಮಾತೇ ಇತ್ತು, ಅಲ್ಲಿಯೂ ಕೇಳಿದವರು ಪರಿಚಯದವರೇ.

ಈಗ ನನಗೆ ಹೆಚ್ಚು ನೋವು ಕೊಡುವ ವಿಷಯ. ನಮ್ಮಲ್ಲಿ ಅನೇಕರು, ವಿಶೇಷವಾಗಿ ಹಿರಿಯರು, ಮಲಯಾಳ ಮಾತಾಡುತ್ತಾರೆ, ಆದರೆ ಸರಾಗವಾಗಿ ಓದುವುದಿಲ್ಲ. ಕ್ರಯಪತ್ರ, ಲೀಸ್ ಎರಡೂ ಮಲಯಾಳದಲ್ಲೋ ವಕೀಲರ ಇಂಗ್ಲಿಷಿನಲ್ಲೋ ಇರುತ್ತವೆ. "ಎಲ್ಲ ಸರಿ ಇದೆ, ಇಲ್ಲಿ ಒಪ್ಪು ಹಾಕಿ ಟೀಚರೇ" ಎಂದರೆ ಮೂವತ್ತು ವರ್ಷ ಮಕ್ಕಳಿಗೆ "ಓದದೆ ಬರೆಯಬೇಡಿ" ಎಂದು ಹೇಳಿದ ಕೈ ಓದದೆ ಒಪ್ಪು ಹಾಕುತ್ತದೆ! ಜಿಲ್ಲೆಯಲ್ಲಿ ಸಾಮಾನ್ಯವಾಗಿ ಬಳಕೆಯಲ್ಲಿರುವ ಭಾಷೆಯ ದಸ್ತಾವೇಜನ್ನು ಭಾಷೆಯ ಕಾರಣಕ್ಕೆ ತಿರಸ್ಕರಿಸಲು ನೋಂದಣಿ ಕಾಯ್ದೆ ಹೇಳುವುದಿಲ್ಲ. ಕಾಸರಗೋಡಿನಲ್ಲಿ ಕನ್ನಡ ಅಂತಹ ಭಾಷೆ ಹೌದೋ ಅಲ್ಲವೋ? ಕನ್ನಡದಲ್ಲೇ ಬರೆಸುವಂತೆ ಕೇಳೋಣ. ಅದು ಆಗದಿದ್ದರೆ ಸಾಲು ಸಾಲಾಗಿ ಕನ್ನಡಕ್ಕೆ ಮಾಡಿಸಿ, ಮಾರುವವರಿಗೆ ಸಂಬಂಧವಿಲ್ಲದ ವಕೀಲರಿಗೆ ತೋರಿಸದೆ ಪೆನ್ನು ಮುಟ್ಟಬಾರದು. ಶಾಲೆಯಲ್ಲಿ ಕನ್ನಡ ಉಳಿಸಿ ಎಂದು ಹೋರಾಡುವ ನಾವು ನಮ್ಮ ಸ್ವಂತ ಹಣದ ಕಾಗದದಲ್ಲಿ ಕನ್ನಡ ಕೇಳಲು ನಾಚುವುದೇಕೆ?

ಕೊನೆಗೆ ಶಾಲೆಯ ನಿಧಿ. "ಒಂದು ಅಂಗಡಿ ಕೋಣೆ ತೆಗೆದಿಡೋಣ, ಬಾಡಿಗೆಯಿಂದ ಶಾಲೆ ನಡೆಯುತ್ತದೆ" ಎಂಬ ಸಲಹೆ ಸದುದ್ದೇಶದ್ದೇ ಇರಬಹುದು. ರಸ್ತೆ ಬದಿಯ ಶಾಲಾ ಜಾಗದಲ್ಲೇ ಕೋಣೆ ಕಟ್ಟಿ ಲೀಸಿಗೆ ಕೊಡೋಣ ಎನ್ನುವವರೂ ಇದ್ದಾರೆ. ಅನುದಾನಿತ ಶಾಲೆಯ ಆಸ್ತಿಯನ್ನು ಇಲಾಖೆಯ ಅನುಮತಿಯಿಲ್ಲದೆ ಮಾರುವುದಕ್ಕಾಗಲಿ, ಅಡವಿಡುವುದಕ್ಕಾಗಲಿ, ಲೀಸಿಗೆ ಕೊಡುವುದಕ್ಕಾಗಲಿ ಬರುವುದಿಲ್ಲ ಎಂದು 1958ರ ಕೇರಳ ಶಿಕ್ಷಣ ಕಾಯ್ದೆಯ 6ನೇ ಕಲಂ ಹೇಳುತ್ತದೆ. ಅದಿರಲಿ. ನಮ್ಮ ಶಾಲೆಗೆ ಇವತ್ತು ಏನು ಬೇಕು? ಜೂನ್ ತಿಂಗಳ ಆರನೇ ಕೆಲಸದ ದಿನದ ತಲೆ ಎಣಿಕೆಯಲ್ಲಿ ಮಕ್ಕಳು ಕಡಿಮೆಯಾದರೆ ಡಿವಿಜನ್ ಹೋಗುತ್ತದೆ, ಹುದ್ದೆ ಹೋಗುತ್ತದೆ. ಇಂಗ್ಲಿಷ್ ಮೀಡಿಯಂ ಶಾಲೆಯ ವ್ಯಾನು ನಮ್ಮ ಮಕ್ಕಳ ಮನೆಯಂಗಳಕ್ಕೇ ಬರುತ್ತದೆ. ಆರು ಪಥದ ರಸ್ತೆ ದಾಟಿ ನಡೆದು ಬಾ ಎಂದು ಒಂದನೇ ಕ್ಲಾಸಿನ ಮಗುವಿಗೆ ಯಾವ ತಾಯಿ ಹೇಳುತ್ತಾಳೆ? ಅದೇ ಹಣದಲ್ಲಿ ನಮ್ಮದೂ ಒಂದು ವ್ಯಾನು ಓಡಲಿ. ವ್ಯಾನಿನಿಂದ ಬಾಡಿಗೆ ಬರುವುದಿಲ್ಲ ನಿಜ, ಮಕ್ಕಳು ಬರುತ್ತಾರೆ. ಮಕ್ಕಳಿಲ್ಲದ ಶಾಲೆಗೆ ಬಾಡಿಗೆ ಬಂದು ಏನು ಪ್ರಯೋಜನ?

ಆದ್ದರಿಂದ ಸಹೋದ್ಯೋಗಿಗಳಲ್ಲಿ, ಮೆನೇಜರರಲ್ಲಿ, ಹಳೆ ವಿದ್ಯಾರ್ಥಿ ಸಂಘದವರಲ್ಲಿ ನನ್ನ ವಿನಂತಿ ಇಷ್ಟೆ. ಊರಿನ ಹಣವಾದರೆ ಊರಿನ ಮಹಾಸಭೆಯಲ್ಲಿ, ಕನ್ನಡದಲ್ಲಿ, ಲೆಕ್ಕ ಸಮೇತ ಚರ್ಚೆಯಾಗದೆ ಒಂದು ರೂಪಾಯಿಯೂ ಹೆದ್ದಾರಿ ಬದಿಗೆ ಹೋಗಕೂಡದು. ನಿಮ್ಮ ಸ್ವಂತ ಹಣವಾದರೆ ಮೊದಲು ಅಂಚೆ ಕಚೇರಿಗೆ ಹೋಗಿ, ಆಮೇಲೆ ವಕೀಲರಲ್ಲಿಗೆ, ಬ್ರೋಕರ್ ಕಡೆಯಲ್ಲಿ. "ನಾಳೆಯೇ ಅಡ್ವಾನ್ಸ್ ಕೊಡಬೇಕು, ಇಲ್ಲದಿದ್ದರೆ ಬೇರೆಯವರು ತೆಗೆದುಕೊಳ್ಳುತ್ತಾರೆ" ಎಂದು ಅವನು ಅವಸರ ಮಾಡಿದರೆ, ತೆಗೆದುಕೊಳ್ಳಲಿ ಬಿಡಿ.