ತಂಡ ಒಡೆದ ಮೇಲೆ ಗೆದ್ದ ಹಾಡು

ಕಾಪಿ ಪುಸ್ತಕದಲ್ಲಿ ಒಂದಕ್ಷರ ತಪ್ಪಿದರೂ ಮೇಷ್ಟ್ರು ಕೆಂಪು ಶಾಯಿಯಲ್ಲಿ ಸುತ್ತು ಹಾಕುತ್ತಾರಲ್ಲವೆ? 1968ರ ಏಪ್ರಿಲ್‌ನಲ್ಲಿ ಇಂಗ್ಲೆಂಡಿನಲ್ಲಿ ಹೊರಬಂದ 'ಒಡೆಸಿ ಅಂಡ್ ಆರಕಲ್' ಎಂಬ ಧ್ವನಿಮುದ್ರಿಕೆಯ ಹೊದಿಕೆಯ ಮೇಲೇ ಅಂಥ ತಪ್ಪಿದೆ. ಗ್ರೀಕ್ ಮಹಾಕಾವ್ಯದ ಹೆಸರಾದ ಮೊದಲ ಪದದ ಇಂಗ್ಲಿಷ್ ಕಾಗುಣಿತದಲ್ಲಿ 'ವೈ' ಇರಬೇಕಾದಲ್ಲಿ 'ಇ' ಕುಳಿತಿದೆ. ಅದು ಚಿತ್ರಕಾರ ಟೆರಿ ಕ್ವಿರ್ಕ್ ಕೈತಪ್ಪು. ಒಳಗಿನ ಹಾಡುಗಳಲ್ಲಿ ಮಾತ್ರ ಅಂಥ ಅಜಾಗರೂಕತೆ ಇಲ್ಲ.

ಹಾಡಿದವರು 'ದಿ ಜಾಂಬೀಸ್'. ಲಂಡನ್ನಿಗೆ ಹತ್ತಿರದ ಸೇಂಟ್ ಆಲ್ಬನ್ಸ್ ಊರಿನಲ್ಲಿ ಶಾಲೆಗೆ ಹೋಗುವಾಗಲೇ ಕೂಡಿಕೊಂಡ ಹುಡುಗರು. 1964ರಲ್ಲಿ ಇವರ ಒಂದು ಹಾಡು ಅಮೆರಿಕದಲ್ಲೂ ಹೆಸರು ಮಾಡಿತು. ಆಮೇಲೆ ಅದೃಷ್ಟ ಕೈಕೊಟ್ಟಿತು. 1967ರಲ್ಲಿ ಸಿಬಿಎಸ್ ಕಂಪನಿ ಸಾವಿರ ಪೌಂಡ್ ಕೊಟ್ಟು ಒಂದು ಆಲ್ಬಮ್ ಮಾಡಿ ಎಂದಿತು. ಹಣ ಕಡಿಮೆ. ಆದ್ದರಿಂದ ಚೆನ್ನಾಗಿ ತಾಲೀಮು ಮಾಡಿಕೊಂಡೇ ಆಬಿ ರೋಡ್ ಸ್ಟುಡಿಯೊದ ಮೆಟ್ಟಿಲು ಹತ್ತಿದರು. ಬೀಟಲ್ಸ್ ತಂಡ ಆಗಷ್ಟೇ 'ಸಾರ್ಜೆಂಟ್ ಪೆಪ್ಪರ್' ಮುಗಿಸಿದ್ದ ಜಾಗ ಅದು. ಅಲ್ಲಿ ಸಿಕ್ಕ ಮೆಲೊಟ್ರಾನ್ ಇವರಿಗೆ ವರವಾಯಿತು. ಅದರ ಪ್ರತಿ ಕೀಲಿಗೂ ಒಂದು ಟೇಪು. ಒತ್ತಿದರೆ ಅದರಲ್ಲಿ ಮುದ್ರಿತವಾದ ಪಿಟೀಲೋ ಕೊಳಲೋ ನುಡಿಯುತ್ತದೆ. ದೊಡ್ಡ ವಾದ್ಯವೃಂದ ಕರೆಸಲಾಗದವರಿಗೆ ಅಷ್ಟು ಸಾಕಲ್ಲ! ಕನಸಿನ ಗುಂಗು ಹಿಡಿಸುವ ಈ ಬಗೆಯ ರಾಕ್ ಸಂಗೀತವನ್ನೇ ಸೈಕೆಡೆಲಿಕ್ ಎನ್ನುವುದು.

ಎಲ್ಲ ಮುಗಿದ ಮೇಲೆ ಕಂಪನಿ ಸ್ಟೀರಿಯೊ ಪ್ರತಿ ಬೇಕೆಂದಿತು. ಹಾಡುಗಳನ್ನು ಬರೆದ ರಾಡ್ ಆರ್ಜೆಂಟ್ ಮತ್ತು ಕ್ರಿಸ್ ವೈಟ್ ತಮ್ಮ ಜೇಬಿನಿಂದಲೇ ಹಣ ಹಾಕಿದರು. ಆದರೆ ಆಲ್ಬಮ್ ಅಂಗಡಿಗೆ ಬರುವ ಮೊದಲೇ, 1967ರ ಡಿಸೆಂಬರ್‌ನಲ್ಲಿ ತಂಡ ಒಡೆಯಿತು. ಗಾಯಕ ಕಾಲಿನ್ ಬ್ಲನ್‌ಸ್ಟೋನ್ ವಿಮಾ ಕಚೇರಿಯ ನೌಕರಿ ಹಿಡಿದ. ಆಲ್ಬಮ್ ಮಾರಾಟವಾಗಲಿಲ್ಲ.

ಅಷ್ಟರಲ್ಲಿ ಅಮೆರಿಕದ ಸಂಗೀತಗಾರ ಆಲ್ ಕೂಪರ್ ಅದನ್ನು ಕೇಳಿ, ಇಲ್ಲೂ ಹೊರತನ್ನಿ ಎಂದು ಹಠ ಹಿಡಿದ. ಅದರ 'ಟೈಮ್ ಆಫ್ ದಿ ಸೀಸನ್' ಹಾಡು 1969ರಲ್ಲಿ ಅಲ್ಲಿ 3ನೇ ಸ್ಥಾನಕ್ಕೇರಿತು. ಜನ ಕರೆದರೆ ಹಾಡಲು ತಂಡವೇ ಇಲ್ಲ! ಬೇರೆ ಯಾರೋ ಅದೇ ಹೆಸರಿಟ್ಟುಕೊಂಡು ಊರೂರು ತಿರುಗಿ ಕಾಸು ಮಾಡಿದರು. ಬದುಕುಳಿದಿದ್ದ ನಾಲ್ವರು ಇಡೀ ಆಲ್ಬಮನ್ನು ವೇದಿಕೆಯಲ್ಲಿ ಹಾಡಿದ್ದು 40 ವರ್ಷಗಳ ಬಳಿಕ, 2008ರಲ್ಲಿ, ಲಂಡನ್ನಿನಲ್ಲಿ. 2019ರಲ್ಲಿ ತಂಡಕ್ಕೆ ಅಮೆರಿಕದ 'ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್' ಗೌರವ ಸಂದಿತು.

ಚೆನ್ನಾಗಿ ಮಾಡಿದ್ದಕ್ಕೆಲ್ಲ ಫಲ ಸಿಕ್ಕೇ ಸಿಗುತ್ತದೆ ಎಂದು ಮಕ್ಕಳಿಗೆ ಹೇಳಿದರೆ ಅದು ಸುಳ್ಳಾದೀತು. ಕೂಪರ್ ಕಿವಿಗೆ ಬೀಳದಿದ್ದರೆ ಈ ಕಥೆ ಬೇರೆಯೇ ಆಗಬಹುದಿತ್ತು. ಆದರೆ ಅವನು ಕೇಳುವ ಹೊತ್ತಿಗೆ ಕೇಳುವಂಥದ್ದೊಂದು ಸಿದ್ಧವಾಗಿತ್ತು. ಹುಡುಗರ ಕೈಯಲ್ಲಿದ್ದದ್ದು ಅಷ್ಟೇ. ಅದನ್ನು ಅವರು ಮಾಡಿ ಮುಗಿಸಿದ್ದರು.