ಬುಕ್ಕರಾಯನ ತೀರ್ಪು ಮತ್ತು ಬಿಸಿಯೂಟದ ಪಂಕ್ತಿ

ಕ್ರಿ.ಶ. 1368ರಲ್ಲಿ ಜೈನರಿಗೂ ಶ್ರೀವೈಷ್ಣವರಿಗೂ ಎದ್ದ ವ್ಯಾಜ್ಯವನ್ನು ವಿಜಯನಗರದ ಒಂದನೆಯ ಬುಕ್ಕರಾಯನು ಬಗೆಹರಿಸಿದ ಸಂಗತಿಯು ಶ್ರವಣಬೆಳಗೊಳದ ಶಾಸನದಿಂದ ಸುವಿದಿತವಾಗಿದೆ. ಆನೆಗೊಂದಿ, ಪೆನುಗೊಂಡೆ ಮೊದಲಾದೆಡೆಗಳ ಜೈನರು ತಮಗಾದ ಅನ್ಯಾಯವನ್ನು ಬಿನ್ನವಿಸಿಕೊಂಡಾಗ, ಅರಸನು ಅವರ ಕೈಯನ್ನು ಹಿಡಿದು ವೈಷ್ಣವರ ಕೈಯಲ್ಲಿರಿಸಿದನು. ಆ ದೃಶ್ಯವನ್ನು ನಾವು ಮತ್ತೆ ಮತ್ತೆ ಸ್ಮರಿಸುತ್ತೇವೆ. ತೀರ್ಪಿನ ಸತ್ತ್ವವಾದರೋ ಮುಂದಿನ ವಿವರಗಳಲ್ಲಿದೆ. ಜೈನದರ್ಶನಕ್ಕೆ ಒದಗುವ ಹಾನಿಯನ್ನು ವೈಷ್ಣವರು ತಮ್ಮದೇ ಹಾನಿಯೆಂದು ಬಗೆಯಬೇಕು. ಜೈನರ ಮನೆಮನೆಯಿಂದ ವರ್ಷಕ್ಕೆ ಒಂದು ಹಣದಂತೆ ಕೂಡಿಸಿ, ತಿರುಮಲೆಯ ತಾತಯ್ಯನು ಬೆಳಗೊಳದ ದೇವರ ಅಂಗರಕ್ಷೆಗೆ ಇಪ್ಪತ್ತು ಆಳುಗಳನ್ನಿರಿಸಬೇಕು. ಉಳಿದುದರಲ್ಲಿ ಜೀರ್ಣ ಜಿನಾಲಯಗಳಿಗೆ ಸುಣ್ಣ ಹೊಡೆಸಬೇಕು. ನಂಬಿಕೆಯನ್ನು ಬಿಡಿರೆಂದು ಅರಸನು ಯಾರಿಗೂ ಹೇಳಲಿಲ್ಲ. ಬಲವುಳ್ಳವರನ್ನು ಬಲವಿಲ್ಲದವರ ನೋವಿಗೆ ಹೊಣೆಯಾಗಿಸಿದನು.

ಇಂಥ ನಾಯಕತ್ವದ ಅಗತ್ಯ ಇಂದು ಯರಗೇರಾದಂಥ ಊರುಗಳ ಶಾಲೆಗಳಲ್ಲಿದೆ. 2021ರ ಡಿಸೆಂಬರ್‌ನಲ್ಲಿ ರಾಯಚೂರೂ ಸೇರಿದಂತೆ ಏಳು ಜಿಲ್ಲೆಗಳ ಬಿಸಿಯೂಟದಲ್ಲಿ ಮೊಟ್ಟೆಯನ್ನೂ, ಅದನ್ನು ತಿನ್ನದವರಿಗೆ ಬಾಳೆಹಣ್ಣನ್ನೂ ಕೊಡತೊಡಗಿದರು. ಲಿಂಗಾಯತ ಮತ್ತು ಜೈನ ಧಾರ್ಮಿಕ ಮುಖಂಡರು ಅನೇಕರು ವಿರೋಧಿಸಿದರು. ಮಕ್ಕಳ ಅಪೌಷ್ಟಿಕತೆಯನ್ನು ಕಂಡವರು ಸಮರ್ಥಿಸಿದರು. ಎರಡೂ ಕಡೆ ಇದ್ದುದು ಧರ್ಮಪ್ರಶ್ನೆಯೇ. ಸರಕಾರ ಆದೇಶ ಹೊರಡಿಸಿ ಕೈತೊಳೆದುಕೊಳ್ಳಬಹುದು. ಮೊಟ್ಟೆ ಬೇಯಿಸಲು ಮನಸ್ಸೊಪ್ಪದ ಅಡುಗೆಯವರನ್ನೂ, ಅದಕ್ಕಾಗಿ ಕಾದು ಕುಳಿತ ಮಗುವನ್ನೂ ದಿನವೂ ಎದುರುಗೊಳ್ಳುವವರು ಮುಖ್ಯೋಪಾಧ್ಯಾಯರು.

ಅವರು ಮೊದಲು ಕೇಳಿಕೊಳ್ಳಬೇಕಾದುದು, ಇಲ್ಲಿ ಬಲವುಳ್ಳವರು ಯಾರು ಎಂದು. ಸಂಖ್ಯೆಯಲ್ಲಿ ಮೊಟ್ಟೆ ತಿನ್ನುವವರು ಹೆಚ್ಚಿರಬಹುದು. ಸಾಮಾಜಿಕ ಗೌರವ ಬಹುಮಟ್ಟಿಗೆ ತಿನ್ನದವರ ಪಾಲಿಗಿದೆ. ಆದುದರಿಂದ ಹೊಣೆಯೂ ಇಬ್ಬರದಾಗಬೇಕು. ಮೊಟ್ಟೆ ತಿನ್ನುವ ಮಗುವಿಗೆ ಅವಮಾನವಾಗದಂತೆ ಸಸ್ಯಾಹಾರಿ ಶಿಕ್ಷಕರು ನೋಡಿಕೊಳ್ಳಲಿ. ವ್ರತವುಳ್ಳ ಅಡುಗೆಯವರಿಗೆ ಬೇರೆ ಕೆಲಸ ಒಪ್ಪಿಸಿ ಆ ಕೆಲಸವನ್ನು ಸಹೋದ್ಯೋಗಿಗಳು ತಾವಾಗಿ ವಹಿಸಿಕೊಳ್ಳಲಿ. ಪಂಕ್ತಿ ಮಾತ್ರ ಒಂದೇ ಇರಲಿ. ಎರಡು ಸಾಲು ಮಾಡಿದ ದಿನ ಮಕ್ಕಳು ಕಲಿಯುವುದು ಆಹಾರಭೇದವನ್ನಲ್ಲ, ಮನುಷ್ಯಭೇದವನ್ನು.

ಜೈನರಾದ ನಮಗೆ ಮೊಟ್ಟೆ ಹಿಂಸೆಯೆಂಬುದರಲ್ಲಿ ಸಂದೇಹವಿಲ್ಲ. ಆದರೆ ಹಸಿದ ಮಗುವಿನ ಮನಸ್ಸನ್ನು ನೋಯಿಸುವುದೂ ಹಿಂಸೆಯೇ. ಬೆಳಗೊಳದಲ್ಲಿ ಅನ್ಯರ ರಕ್ಷೆಯನ್ನು ಪಡೆದ ಸಮುದಾಯ, ಅದೇ ರಕ್ಷೆಯನ್ನು ಆ ಮಗುವಿಗೆ ಕೊಡಲು ಹಿಂಜರಿಯಬಾರದು.